ಷರತ್ತಿಲ್ಲದ ಆದರ: ಕಾರ್ಲ್ ರೋಜರ್ಸ್‌ ಅವರ ಮನೋವಿಜ್ಞಾನ ಮತ್ತು ನಮ್ಮ ಮನೆತನಗಳು

ಲಿಂಗಸೂಗೂರು ತಾಲೂಕಿನ ಗುರುಗುಂಟಾ ಸಮೀಪದ ಅಮರೇಶ್ವರವು ಶರಣ ಪರಂಪರೆಯಲ್ಲಿ ಮರೆಯಲಾಗದ ಹೆಸರು. ಹನ್ನೆರಡನೆಯ ಶತಮಾನದಲ್ಲಿ ಈ ನೆಲದಿಂದ ಕಲ್ಯಾಣಕ್ಕೆ ತೆರಳಿದ ದಂಪತಿಗಳು ಆಯ್ದಕ್ಕಿ ಮಾರಯ್ಯನವರು ಮತ್ತು ಲಕ್ಕಮ್ಮನವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹ ನಡೆಸುವುದು ಮಾರಯ್ಯನವರ ನಿತ್ಯ ಕಾಯಕವಾಗಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರೆಂದೂ, ಅಗತ್ಯಕ್ಕೆ ಮೀರಿದುದು ತಮಗೆ ಸಲ್ಲದೆಂದು ಲಕ್ಕಮ್ಮನವರು ಪತಿಗೆ ತಿಳಿಹೇಳಿ, ಹೆಚ್ಚಾದುದನ್ನು ಹಿಂದಿರುಗಿಸುವಂತೆ ಮಾಡಿದರೆಂದೂ ಪರಂಪರೆ ಹೇಳುತ್ತದೆ.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಕಾಯಕ ಮತ್ತು ದಾಸೋಹ ತತ್ವಗಳ ನಿದರ್ಶನವೆಂದು ಹೇಳುತ್ತೇವೆ. ಅದು ಸರಿಯೇ. ಆದರೆ ಇದರೊಳಗೆ ಒಂದು ಮನೆಯ ವಾತಾವರಣದ ಚಿತ್ರವೂ ಇದೆ. ಪತ್ನಿಯು ತನ್ನ ಮನಸ್ಸಿಗೆ ತೋರಿದ ಸತ್ಯವನ್ನು ಮರೆಮಾಚದೆ ನುಡಿದಳು. ಪತಿಯು ಅದನ್ನು ಅಪಮಾನವೆಂದು ಭಾವಿಸದೆ ಕೇಳಿಸಿಕೊಂಡನು. ನುಡಿದವಳಿಗೆ ಭಯವಿರಲಿಲ್ಲ, ಕೇಳಿದವನಿಗೆ ಕುಂದುಂಟಾಗಲಿಲ್ಲ. ಇಬ್ಬರ ನಡುವಣ ಗೌರವಕ್ಕೆ ಎಳ್ಳಷ್ಟೂ ಧಕ್ಕೆ ಬರಲಿಲ್ಲ. ಇಂತಹ ಮಾತು, ಇಂತಹ ಕೇಳುವಿಕೆ ಒಂದು ಮನೆಯಲ್ಲಿ ಹೇಗೆ ಸಾಧ್ಯವಾಗುತ್ತದೆ? ನಮ್ಮ ಮನೆಗಳಲ್ಲಿ ಅದು ಏಕೆ ಅಪರೂಪವಾಗಿದೆ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಒಬ್ಬ ಮನೋವಿಜ್ಞಾನಿ ತನ್ನ ಇಡೀ ಜೀವಮಾನವನ್ನು ಮೀಸಲಿಟ್ಟನು. ಆತನೇ ಅಮೆರಿಕದ ಕಾರ್ಲ್ ರೋಜರ್ಸ್.

ಒಕ್ಕಲುತನದ ಮನೆಯಿಂದ ಮನೋವಿಜ್ಞಾನಕ್ಕೆ

ಕಾರ್ಲ್ ರೋಜರ್ಸ್ 1902ರ ಜನವರಿ 8ರಂದು ಶಿಕಾಗೋ ನಗರದ ಬಳಿಯ ಓಕ್ ಪಾರ್ಕ್ ಎಂಬಲ್ಲಿ ಜನಿಸಿದರು. ಆರು ಮಕ್ಕಳಲ್ಲಿ ಅವರು ನಾಲ್ಕನೆಯವರು. ಮನೆಯಲ್ಲಿ ಕಟ್ಟುನಿಟ್ಟಾದ ಕ್ರೈಸ್ತ ಧರ್ಮಾಚರಣೆ. ದುಡಿಮೆಗೆ ಬಹಳ ಗೌರವ. ಆಟಪಾಟಗಳಿಗೆ ಅವಕಾಶ ಕಡಿಮೆ. ಅವರು ಹನ್ನೆರಡು ವರ್ಷದವರಾಗಿದ್ದಾಗ ಕುಟುಂಬವು ಹಳ್ಳಿಯ ಜಮೀನಿಗೆ ಬಂದು ನೆಲೆಸಿತು. ಅಲ್ಲಿ ಬಾಲಕ ರೋಜರ್ಸ್ ರಾತ್ರಿ ಹಾರುವ ಪತಂಗಗಳನ್ನು ಸಾಕಿ ಅವುಗಳ ಬೆಳವಣಿಗೆಯನ್ನು ಗಮನಿಸಿದರು. ದನಕರುಗಳ ಮೇವು, ಮಣ್ಣಿನ ಗುಣ, ಬೆಳೆಯ ಪ್ರಯೋಗಗಳ ಬಗೆಗೆ ಪುಸ್ತಕಗಳನ್ನು ಓದಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರು ಮೊದಲು ಆರಿಸಿಕೊಂಡ ವಿಷಯವೂ ಕೃಷಿಯೇ.

1922ರಲ್ಲಿ ವಿದ್ಯಾರ್ಥಿಗಳ ಕ್ರೈಸ್ತ ಸಮ್ಮೇಳನಕ್ಕಾಗಿ ಅವರು ಚೀನಾ ದೇಶಕ್ಕೆ ಹೋಗಿಬಂದರು. ಪ್ರಾಮಾಣಿಕರಾದ ಜನರೂ ಧರ್ಮದ ವಿಷಯದಲ್ಲಿ ಬೇರೆ ಬೇರೆ ನಂಬಿಕೆ ಹೊಂದಿರಬಹುದೆಂಬ ಅರಿವು ಅವರಿಗೆ ಆ ಪ್ರವಾಸದಲ್ಲಿ ಮೂಡಿತು. ಮುಂದೆ ಎರಡು ವರ್ಷ ನ್ಯೂಯಾರ್ಕಿನ ಧರ್ಮಶಿಕ್ಷಣ ಸಂಸ್ಥೆಯಲ್ಲಿ ಓದಿ, ಪಾದ್ರಿಯಾಗುವ ದಾರಿಯನ್ನು ಬಿಟ್ಟು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಅಧ್ಯಯನ ಕೈಗೊಂಡರು. 1928ರಿಂದ ಹನ್ನೆರಡು ವರ್ಷ ರೋಚೆಸ್ಟರ್ ನಗರದಲ್ಲಿ ನೊಂದ ಮತ್ತು ದಾರಿತಪ್ಪಿದ ಮಕ್ಕಳ ನಡುವೆ ಕೆಲಸ ಮಾಡಿದರು. ಅನಂತರ ಓಹಾಯೋ, ಶಿಕಾಗೋ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾಗಿದ್ದರು. 1942, 1951 ಮತ್ತು 1961ರಲ್ಲಿ ಪ್ರಕಟವಾದ ಅವರ ಗ್ರಂಥಗಳು ಆಪ್ತಸಮಾಲೋಚನೆಯ ಕ್ರಮವನ್ನೇ ಬದಲಿಸಿದವು. 1987ರ ಫೆಬ್ರವರಿ 4ರಂದು ಅವರು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಆ ಕಾಲದ ಮನೋವಿಜ್ಞಾನದಲ್ಲಿ ಎರಡು ಪ್ರಬಲ ಮಾರ್ಗಗಳಿದ್ದವು. ಮನುಷ್ಯನ ನಡತೆಯ ಬೇರುಗಳು ಅವನ ಅರಿವಿಗೆ ಬಾರದ ಒಳಮನಸ್ಸಿನ ಕಾಮನೆಗಳಲ್ಲಿವೆ ಎಂದು ಫ್ರಾಯ್ಡ್‌ ಅವರ ಮಾರ್ಗ ಹೇಳುತ್ತಿತ್ತು. ಬಹುಮಾನ ಮತ್ತು ದಂಡನೆಗಳು ಮನುಷ್ಯನನ್ನು ರೂಪಿಸುತ್ತವೆ ಎಂಬುದು ವರ್ತನಾವಾದಿಗಳ ಮಾರ್ಗ. ಅಬ್ರಹಾಂ ಮ್ಯಾಸ್ಲೊ, ರೋಜರ್ಸ್ ಮೊದಲಾದವರು ಮೂರನೆಯ ದಾರಿಯನ್ನು ತೆರೆದರು. ಮನುಷ್ಯನ ಅನುಭವ, ಆಯ್ಕೆ, ಹೊಣೆಗಾರಿಕೆ ಮತ್ತು ಬೆಳೆಯುವ ಶಕ್ತಿಗಳಿಗೆ ಅದು ಮೊದಲ ಸ್ಥಾನ ಕೊಟ್ಟಿತು. ಇದನ್ನೇ ಮಾನವತಾವಾದಿ ಮನೋವಿಜ್ಞಾನವೆಂದು ಕರೆಯುತ್ತಾರೆ. ಇದರೊಳಗೆ ರೋಜರ್ಸ್ ಅವರದು ವ್ಯಕ್ತಿಕೇಂದ್ರಿತ ಸಿದ್ಧಾಂತ. ಸಹಾಯ ಬಯಸಿ ಬಂದವರನ್ನು ರೋಗಿಯೆಂದು ಕರೆಯುವುದನ್ನೇ ಅವರು ಬಿಟ್ಟರು. ತನ್ನ ನೋವು ಎಲ್ಲಿದೆ, ಯಾವ ಕಡೆಗೆ ಸಾಗಬೇಕು ಎಂಬುದನ್ನು ಕೊನೆಗೆ ಬಲ್ಲವನು ಆ ವ್ಯಕ್ತಿಯೇ ಎಂಬುದು ಅವರ ನಂಬಿಕೆ.

ಬೆಳಕಿನ ಕಡೆಗೆ ಚಾಚುವ ಮೊಳಕೆ

ರೋಜರ್ಸ್ ತಮ್ಮ ಬಾಲ್ಯದ ಒಂದು ನೋಟವನ್ನು ಸ್ಮರಿಸುತ್ತಿದ್ದರು. ಚಳಿಗಾಲದ ಬಳಕೆಗೆಂದು ಅವರ ಮನೆಯ ನೆಲಮಾಳಿಗೆಯಲ್ಲಿ ಆಲೂಗಡ್ಡೆಗಳನ್ನು ಕೂಡಿಡುತ್ತಿದ್ದರು. ಅಲ್ಲಿ ಮಣ್ಣಿಲ್ಲ, ನೀರಿಲ್ಲ. ಮೇಲೆ ಒಂದು ಸಣ್ಣ ಕಿಟಕಿ ಮಾತ್ರ. ಆದರೂ ಆ ಗಡ್ಡೆಗಳು ಬಿಳಿಚಿದ ಮೊಳಕೆಗಳನ್ನು ಹೊರಡಿಸಿ ಕಿಟಕಿಯ ಬೆಳಕಿನ ಕಡೆಗೆ ಎರಡು ಮೂರು ಅಡಿ ಚಾಚುತ್ತಿದ್ದವು. ಅವು ಎಂದಿಗೂ ಹಸಿರು ಗಿಡಗಳಾಗಲಾರವು. ಆದರೆ ಬೆಳೆಯುವ ಯತ್ನವನ್ನು ಬಿಡಲಾರವು. ಜೀವನದಲ್ಲಿ ಜಜ್ಜಿಹೋದವರ ವಿಚಿತ್ರವೆನಿಸುವ ನಡತೆಯನ್ನು ಕಂಡಾಗ ರೋಜರ್ಸ್ ಅವರಿಗೆ ಈ ಮೊಳಕೆಗಳು ನೆನಪಾಗುತ್ತಿದ್ದವು. ಅದೂ ಬೆಳಕನ್ನು ಅರಸುವ ಯತ್ನವೇ; ಸಿಕ್ಕ ಪರಿಸರ ಮಾತ್ರ ಕೆಟ್ಟದ್ದು.

ಇದು ಅವರ ಸಿದ್ಧಾಂತದ ಮೊದಲ ಪರಿಕಲ್ಪನೆ. ಪ್ರತಿಯೊಂದು ಜೀವಿಯಲ್ಲಿಯೂ ತನ್ನನ್ನು ಉಳಿಸಿಕೊಂಡು, ಬೆಳೆಸಿಕೊಂಡು, ತನ್ನೊಳಗಿನ ಸಾಧ್ಯತೆಗಳನ್ನು ಅರಳಿಸಿಕೊಳ್ಳುವ ಒಂದು ಪ್ರವೃತ್ತಿಯಿದೆ. ಇದನ್ನು ವಿಕಾಸ ಪ್ರವೃತ್ತಿಯೆಂದು ಕರೆಯೋಣ. ಸಿಂಧನೂರಿನ ಕಾಲುವೆ ನೀರಾವರಿಯ ಒಕ್ಕಲಿಗನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಸಿಮಡಿಯಲ್ಲಿ ಭತ್ತದ ಪೈರನ್ನು ಯಾರೂ ಹಿಡಿದೆಳೆದು ಉದ್ದಮಾಡುವುದಿಲ್ಲ. ನೆಲ ಹದಮಾಡಿ, ನೀರು ನಿಲ್ಲಿಸಿ, ಕಳೆ ತೆಗೆದು ಕಾಯುತ್ತೇವೆ. ಬೆಳೆಯುವ ಕೆಲಸ ಬೀಜದ್ದು, ಹದಮಾಡುವ ಕೆಲಸ ನಮ್ಮದು.

ಈ ವಿಶ್ವಾಸಕ್ಕೆ ನಮ್ಮ ಜಿಲ್ಲೆಯ ಬಂಡೆಯ ಮೇಲೆಯೇ ಒಂದು ಹಳೆಯ ಸಾಕ್ಷಿಯಿದೆ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಎಂಬವರು ಮಸ್ಕಿಯಲ್ಲಿ ಗುರುತಿಸಿದ ಅಶೋಕನ ಶಾಸನವು, ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಹೇಳುವುದರಿಂದ ಚರಿತ್ರೆಯಲ್ಲಿ ಪ್ರಸಿದ್ಧವಾಯಿತು. ಅದರ ತಿರುಳು ಅಷ್ಟೇ ಮಹತ್ವದ್ದು. ಧರ್ಮದ ಉನ್ನತ ಫಲವು ದೊಡ್ಡವರಿಗೆ ಮಾತ್ರ ದಕ್ಕುವಂಥದೆಂದು ತಿಳಿಯಬಾರದು, ಧರ್ಮದಲ್ಲಿ ನಿಷ್ಠೆಯುಳ್ಳ ಸಾಮಾನ್ಯನಿಗೂ ಅದು ಸಾಧ್ಯ ಎಂಬುದು ಅದರ ಆಶಯ. ಮುಂದೆ ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದವರ ಹೆಸರುಗಳು ಬೆಳಗಿದ್ದು ಇದೇ ಬಗೆಯ ನಂಬಿಕೆಯಿಂದ. ಆಯ್ದಕ್ಕಿ ದಂಪತಿಗಳೂ ಆ ಸಾಲಿನವರೇ.

ನಾನು ಯಾರು, ನಾನು ಹೇಗಿರಬೇಕು

ಮಗುವು ಬೆಳೆಯುತ್ತಿದ್ದಂತೆ ತನ್ನ ಬಗೆಗೆ ಒಂದು ಚಿತ್ರವನ್ನು ಕಟ್ಟಿಕೊಳ್ಳುತ್ತದೆ. ನಾನು ಜಾಣ, ನಾನು ದಡ್ಡ, ನಾನು ಒಳ್ಳೆಯವಳು, ನಾನು ಯಾರಿಗೂ ಬೇಡವಾದವಳು ಎಂಬ ಈ ಚಿತ್ರವೇ ಸ್ವ-ಪರಿಕಲ್ಪನೆ. ಇದರ ಜೊತೆಗೆ, ನಾನು ಹೀಗಿದ್ದರೆ ಎಷ್ಟು ಚೆನ್ನ ಎಂಬ ಇನ್ನೊಂದು ಚಿತ್ರವೂ ಮೂಡುತ್ತದೆ. ಅದು ಆದರ್ಶ ಸ್ವರೂಪ. ಇವೆರಡರ ನಡುವೆ ಸ್ವಲ್ಪ ಅಂತರವಿರುವುದು ಸಹಜ. ಅಂತರ ಅತಿಯಾದರೆ, ಮನುಷ್ಯನು ತನ್ನನ್ನೇ ತಾನು ಒಪ್ಪಲಾರದೆ ಬಳಲುತ್ತಾನೆ.

ಈ ಅಂತರ ಹುಟ್ಟುವುದು ಎಲ್ಲಿ? ರೋಜರ್ಸ್ ಕೊಡುವ ಉತ್ತರವು ಪ್ರತಿಯೊಬ್ಬ ತಂದೆತಾಯಿಯೂ ಮನನ ಮಾಡತಕ್ಕದ್ದು. ಮಗುವಿಗೆ ಅನ್ನದಷ್ಟೇ ಅಗತ್ಯವಾದುದು ತನ್ನವರ ಆದರ. ಅದನ್ನು ಪಡೆಯಲು ಅದು ಏನನ್ನಾದರೂ ಕೊಡಲು ಸಿದ್ಧವಾಗಿರುತ್ತದೆ. ನಾವು ತಿಳಿದೋ ತಿಳಿಯದೆಯೋ ಆ ಆದರಕ್ಕೆ ಷರತ್ತುಗಳನ್ನು ಹಾಕುತ್ತೇವೆ. ತೊಂಬತ್ತು ಅಂಕ ತಂದರೆ ನೀನು ನಮ್ಮ ಮಗ. ಅಳದಿದ್ದರೆ ನೀನು ಗಂಡು. ಎದುರುಮಾತಾಡದಿದ್ದರೆ ನೀನು ಮನೆತನಕ್ಕೆ ತಕ್ಕ ಮಗಳು. ಬಾಯಲ್ಲಿ ಹೀಗೆ ಹೇಳದಿದ್ದರೂ ನಮ್ಮ ಮುಖ, ಮೌನ, ನಿಟ್ಟುಸಿರುಗಳು ಇದನ್ನೇ ಹೇಳುತ್ತವೆ. ಇವುಗಳನ್ನು ರೋಜರ್ಸ್ ಯೋಗ್ಯತೆಯ ಷರತ್ತುಗಳೆಂದು ಕರೆದರು. ಮಗುವು ಈ ಷರತ್ತುಗಳನ್ನು ನುಂಗಿ ತನ್ನವೇ ಎಂದು ಬಗೆಯುತ್ತದೆ. ಆಗ ತನ್ನ ನಿಜವಾದ ಅನುಭವವು ಷರತ್ತಿಗೆ ವಿರುದ್ಧವಾಗಿ ಬಂದರೆ ಅದನ್ನು ಅಲ್ಲಗಳೆಯುತ್ತದೆ, ಇಲ್ಲವೇ ತಿರುಚಿ ಅರ್ಥಮಾಡಿಕೊಳ್ಳುತ್ತದೆ. ಭಯವಾದಾಗ ಭಯವಿಲ್ಲವೆನ್ನುತ್ತದೆ, ದುಃಖವಾದಾಗ ಸಿಟ್ಟನ್ನು ತೋರುತ್ತದೆ. ಬರಬರುತ್ತಾ ತನಗೆ ಏನು ಅನಿಸುತ್ತಿದೆ ಎಂಬುದೇ ಅದಕ್ಕೆ ತಿಳಿಯದಾಗುತ್ತದೆ.

ನಮ್ಮ ಸುತ್ತಲಿನ ಮನೆಗಳನ್ನು ನೋಡೋಣ. ಹಳ್ಳಿಯಿಂದ ಸಿಂಧನೂರಿಗೋ ಲಿಂಗಸೂಗೂರಿಗೋ ಬಂದು, ಬಾಡಿಗೆ ಕೋಣೆಯಲ್ಲಿದ್ದು ವಿಜ್ಞಾನ ಓದುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನಿಗೆ ಆಸಕ್ತಿ ಬೇರೆಡೆಗಿದೆ. ಆದರೆ ಅಪ್ಪ ಸಾಲ ಮಾಡಿ ಶುಲ್ಕ ಕಟ್ಟಿದ್ದಾನೆ. ಅಂಕ ಕಡಿಮೆಯಾದಾಗ ಅವನಿಗೆ, ನಾನು ಪರೀಕ್ಷೆಯಲ್ಲಿ ಸೋತೆ ಎನಿಸುವುದಿಲ್ಲ. ಮಗನಾಗಿಯೇ ಸೋತೆ ಎನಿಸುತ್ತದೆ. ಪರೀಕ್ಷೆಯನ್ನು ಮತ್ತೆ ಬರೆಯಬಹುದು, ಅದಕ್ಕೆ ಮಂಡಳಿಯು ಅದೇ ವರ್ಷ ಅವಕಾಶ ಕೊಡುತ್ತದೆ. ಮಗನಾಗಿ ಸೋತವನಿಗೆ ಎರಡನೆಯ ಪರೀಕ್ಷೆ ಎಲ್ಲಿದೆ? ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುವ ದಾರುಣ ಸುದ್ದಿಗಳ ಹಿಂದೆ ಇಂತಹ ಭಾವನೆಯೂ ಅಡಗಿರಬಹುದೆಂಬುದನ್ನು ಹಿರಿಯರು ಮರೆಯಲಾಗದು.

ರೈತನ ಸ್ಥಿತಿಯೂ ಬೇರೆಯಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನಂಬಿದವರಿಗೆ ಬೆಳೆಯೆಂದರೆ ಬದುಕು ಮಾತ್ರವಲ್ಲ, ಮಾನವೂ ಹೌದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಕಾಲುವೆಯ ಭಾಗದವರಿಗೆ ಉಂಟಾದ ಆತಂಕವು ನೀರಿನದಷ್ಟೇ ಆಗಿರಲಿಲ್ಲ. ಸಾಲ ಕೊಟ್ಟವರಿಗೆ, ಬೀಗರಿಗೆ ಮುಖ ತೋರಿಸುವುದು ಹೇಗೆಂಬ ಆತಂಕವೂ ಅದರಲ್ಲಿ ಬೆರೆತಿತ್ತು. ದುಡಿಯುವವನು, ಕೊಡುವವನು ಎಂಬ ಚಿತ್ರವೊಂದರಲ್ಲಿಯೇ ತನ್ನ ಯೋಗ್ಯತೆಯನ್ನೆಲ್ಲ ಇಟ್ಟ ಮನುಷ್ಯನಿಗೆ ಬೆಳೆ ಹೋದಾಗ ತಾನೇ ಹೋದಂತೆ ಆಗುತ್ತದೆ. ಹೊಸದಾಗಿ ಬಂದ ಸೊಸೆಯ ಪಾಡೂ ಇಂಥದೇ. ತವರಿನಲ್ಲಿ ನಗುನಗುತ್ತಾ ಮಾತಾಡುತ್ತಿದ್ದವಳು ಅತ್ತೆಯ ಮನೆಯಲ್ಲಿ ಒಂದೊಂದೇ ಮಾತನ್ನು ನುಂಗಿ, ಒಳ್ಳೆಯ ಸೊಸೆಯೆಂಬ ಹೆಸರನ್ನು ಗಳಿಸುತ್ತಾಳೆ. ಆ ಹೆಸರಿನ ಬೆಲೆ ಎಷ್ಟೆಂಬುದು ಅವಳೊಬ್ಬಳಿಗೇ ಗೊತ್ತು.

ಈ ಅಂತರವನ್ನು ಅಳೆಯುವ ಕ್ರಮವನ್ನೂ ಶಿಕಾಗೋದಲ್ಲಿ ರೋಜರ್ಸ್ ಮತ್ತು ಅವರ ಸಂಗಡಿಗರು ಬಳಸಿದರು. ನೂರು ಚೀಟಿಗಳ ಮೇಲೆ ಮನುಷ್ಯನು ತನ್ನ ಬಗೆಗೆ ಹೇಳಿಕೊಳ್ಳಬಹುದಾದ ನೂರು ಮಾತುಗಳಿರುತ್ತಿದ್ದವು. ಮೊದಲು, ನಾನು ಈಗ ಹೇಗಿದ್ದೇನೆ ಎಂಬುದಕ್ಕೆ ತಕ್ಕಂತೆ ಅವುಗಳನ್ನು ಗುಂಪುಮಾಡಬೇಕು. ಅನಂತರ, ನಾನು ಹೇಗಿರಬಯಸುತ್ತೇನೆ ಎಂಬುದಕ್ಕೆ ತಕ್ಕಂತೆ ಮತ್ತೆ ಗುಂಪುಮಾಡಬೇಕು. ಸಹಾಯ ಬಯಸಿ ಬಂದವರಲ್ಲಿ ಮೊದಲಿಗೆ ಈ ಎರಡು ಚಿತ್ರಗಳ ನಡುವೆ ಹೊಂದಾಣಿಕೆಯೇ ಇರಲಿಲ್ಲವೆಂದೂ, ಆಪ್ತಸಮಾಲೋಚನೆಯ ಬಳಿಕ ಅವು ಹತ್ತಿರ ಬಂದವೆಂದೂ 1954ರಲ್ಲಿ ಪ್ರಕಟವಾದ ಅವರ ಅಧ್ಯಯನವು ತೋರಿಸಿತು. ಮನಸ್ಸಿನ ಮಾತನ್ನು ಕೇವಲ ಭಾವುಕತೆಯಾಗಿ ಬಿಡದೆ ಪರೀಕ್ಷೆಗೆ ಒಡ್ಡಿದುದು ಅವರ ಹಿರಿಮೆ. ಸಮಾಲೋಚನೆಯ ಸಂಭಾಷಣೆಗಳನ್ನು ಧ್ವನಿಮುದ್ರಿಸಿ, ಒಂದು ಪ್ರಕರಣವನ್ನು ಪೂರ್ಣವಾಗಿ ಅಚ್ಚುಹಾಕಿ ಇತರರ ವಿಮರ್ಶೆಗೆ ಇಟ್ಟವರಲ್ಲಿಯೂ ಅವರೇ ಮೊದಲಿಗರು.

ಬಾಗಿಲ ಬಳಿ ತಿರುಗಿ ನಿಂತ ತಾಯಿ

ಹಾಗಾದರೆ ಈ ಅಂತರವನ್ನು ಕಡಿಮೆ ಮಾಡುವುದು ಹೇಗೆ? ರೋಚೆಸ್ಟರಿನಲ್ಲಿ ನಡೆದ ಒಂದು ಸಂಗತಿಯನ್ನು ರೋಜರ್ಸ್ ತಾವೇ ಬರೆದಿದ್ದಾರೆ. ತುಂಟತನದಿಂದ ಕಾಡುತ್ತಿದ್ದ ಒಬ್ಬ ಬಾಲಕನ ತಾಯಿ ಅವರ ಬಳಿಗೆ ಬರುತ್ತಿದ್ದಳು. ಮಗನನ್ನು ಎಳವೆಯಲ್ಲಿ ಅವಳು ದೂರವಿಟ್ಟುದೇ ತೊಂದರೆಗೆ ಕಾರಣವೆಂದು ರೋಜರ್ಸ್ ಅವರಿಗೆ ತೋರಿತು. ಅದನ್ನು ಅವಳಿಗೆ ಮನಗಾಣಿಸಲು ಅನೇಕ ಭೇಟಿಗಳಲ್ಲಿ ಯತ್ನಿಸಿದರು. ಏನೂ ಫಲಿಸಲಿಲ್ಲ. ಕೊನೆಗೆ, ನಾವಿಬ್ಬರೂ ಪ್ರಯತ್ನಪಟ್ಟೆವು, ಆಗಲಿಲ್ಲ, ಇಲ್ಲಿಗೆ ನಿಲ್ಲಿಸೋಣ ಎಂದರು. ಅವಳೂ ಒಪ್ಪಿ ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತು, ನೀವು ದೊಡ್ಡವರಿಗೂ ಇಲ್ಲಿ ಸಮಾಲೋಚನೆ ಮಾಡುತ್ತೀರಾ ಎಂದು ಕೇಳಿದಳು. ಹೌದೆಂದಾಗ ಮರಳಿ ಬಂದು ಕುಳಿತು, ತನ್ನ ದಾಂಪತ್ಯದ ಸಂಕಟವನ್ನೂ ತನ್ನ ಸೋಲಿನ ಭಾವವನ್ನೂ ತೋಡಿಕೊಂಡಳು. ಅಂದು ರೋಜರ್ಸ್ ತಮ್ಮ ವಿವರಣೆಗಳನ್ನು ಬದಿಗಿಟ್ಟು ಕೇಳತೊಡಗಿದರು. ನಿಜವಾದ ಚಿಕಿತ್ಸೆ ಆರಂಭವಾದುದು ಆಗಲೇ. ಕಾಲಕ್ರಮದಲ್ಲಿ ಅವಳೂ ಸುಧಾರಿಸಿದಳು, ಮಗನೂ ಸುಧಾರಿಸಿದನು.

ಇಂತಹ ಅನುಭವಗಳಿಂದ, ಒಬ್ಬರು ಬೆಳೆಯಲು ನೆರವಾಗುವವರಲ್ಲಿ ಮೂರು ಗುಣಗಳು ಇರಬೇಕೆಂದು ರೋಜರ್ಸ್ ಹೇಳಿದರು. 1957ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅವುಗಳನ್ನು ಕ್ರಮವಾಗಿ ಮಂಡಿಸಿದರು.

ಮೊದಲನೆಯದು ನಿಷ್ಕಪಟತೆ. ಒಳಗೆ ಒಂದು, ಹೊರಗೆ ಒಂದು ಎಂಬ ಮುಖವಾಡವಿಲ್ಲದ ಸ್ಥಿತಿ. ಅನುಭವ, ಅರಿವು, ಮಾತು ಮೂರೂ ಒಂದೇ ಎಳೆಯಲ್ಲಿರುವುದು. ನುಡಿ ಮತ್ತು ನಡೆ ಒಂದಾಗಿರಬೇಕೆಂದು, ಅಂತರಂಗ ಬಹಿರಂಗಗಳು ಶುದ್ಧವಾಗಿರಬೇಕೆಂದು ಶರಣರು ಸಾಧನೆಯಾಗಿ ವಿಧಿಸಿದುದನ್ನು ಬಲ್ಲ ನಮಗೆ ಇದು ಹೊಸ ಮಾತೆನಿಸದು.

ಎರಡನೆಯದು ಷರತ್ತಿಲ್ಲದ ಆದರ. ನಮ್ಮ ಕಡೆಯ ಬಳಕೆಯಲ್ಲಿ ಹೇಳುವುದಾದರೆ ಬೇಷರತ್ತಾದ ಒಲವು. ಇಲ್ಲಿ ಅನೇಕರು ಎಡವುತ್ತಾರೆ. ಮಗ ಮಾಡಿದ್ದೆಲ್ಲವನ್ನೂ ಸರಿಯೆನ್ನಬೇಕೇ, ಜೂಜಾಡಿ ಬಂದರೂ ಬೆನ್ನು ತಟ್ಟಬೇಕೇ ಎಂದು ಕೇಳುತ್ತಾರೆ. ಖಂಡಿತ ಇಲ್ಲ. ಕೃತ್ಯ ಬೇರೆ, ವ್ಯಕ್ತಿ ಬೇರೆ. ಕೃತ್ಯವನ್ನು ತಡೆಯಬಹುದು, ಖಂಡಿಸಬಹುದು. ವ್ಯಕ್ತಿಯ ಮೇಲಣ ಆದರವನ್ನು ಮಾತ್ರ ಒತ್ತೆಯಿಟ್ಟು ವ್ಯವಹರಿಸಬಾರದು. ಲಕ್ಕಮ್ಮನವರು ಹೆಚ್ಚುವರಿ ಅಕ್ಕಿಯನ್ನು ಒಪ್ಪಲಿಲ್ಲ. ಮಾರಯ್ಯನವರನ್ನು ಹೀಗಳೆಯಲೂ ಇಲ್ಲ. ತಪ್ಪನ್ನು ತಿದ್ದುವಾಗಲೂ ಮನುಷ್ಯನನ್ನು ಉಳಿಸಿಕೊಳ್ಳುವ ಈ ವಿವೇಕವೇ ಷರತ್ತಿಲ್ಲದ ಆದರ.

ಮೂರನೆಯದು ಪರಾನುಭೂತಿ. ಮತ್ತೊಬ್ಬರ ಅಂತರಂಗವನ್ನು ಅವರ ಕಣ್ಣಿನಿಂದಲೇ ಕಾಣುವ ಯತ್ನ. ಅಯ್ಯೋ ಪಾಪ ಎನ್ನುವುದು ಕನಿಕರ. ಅಲ್ಲಿ ನಾವು ಮೇಲೆ ನಿಂತಿರುತ್ತೇವೆ. ಪರಾನುಭೂತಿಯಲ್ಲಿ ಪಕ್ಕದಲ್ಲಿ ಕುಳಿತಿರುತ್ತೇವೆ. ಅವರ ನೋವನ್ನು ತಿಳಿಯುತ್ತೇವೆ, ಆದರೆ ಅದರಲ್ಲಿ ನಾವೇ ಮುಳುಗಿಹೋಗುವುದಿಲ್ಲ.

ಇದು ಮಾತಿನಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಕಲ್ಪಿತ ನಿದರ್ಶನ. ಸಂಜೆ ಮನೆಗೆ ಬಂದ ಮಗ, "ಅಪ್ಪಾ, ನನಗ ಇನ್ನ ಕಾಲೇಜಿಗೆ ಹೋಗಾಕ ಮನಸಿಲ್ಲ" ಎನ್ನುತ್ತಾನೆ. "ಸುಮ್ಮನ ಓದು. ಓಣ್ಯಾಗಿನ ಹುಡುಗರನ್ನ ನೋಡಿ ಕಲಿ. ನಿನ್ನ ಸಲುವಾಗಿ ಎಷ್ಟ ಸಾಲ ಮಾಡೀನಿ ಗೊತ್ತೈತೇನು?" ಎಂಬುದು ನಮ್ಮಲ್ಲಿ ಸಾಮಾನ್ಯವಾದ ಉತ್ತರ. ಮಾತು ಅಲ್ಲಿಗೆ ಮುಗಿಯುತ್ತದೆ. ಮಗನು ತನ್ನೊಳಗಿನ ಬಾಗಿಲನ್ನು ಹಾಕಿಕೊಳ್ಳುತ್ತಾನೆ. ಅದರ ಬದಲು ಅಪ್ಪ, "ಭಾಳ ಬ್ಯಾಸರಾದಂಗ ಕಾಣತೈತಲ್ಲ ತಮ್ಮಾ. ಕುಂದ್ರು. ಏನಾಗೈತಿ, ಹೇಳು" ಎಂದರೆ? ಮಗ ಸ್ವಲ್ಪ ಹೊತ್ತು ಸುಮ್ಮನಿರಬಹುದು. ಆ ಮೌನವನ್ನು ಬುದ್ಧಿಮಾತಿನಿಂದ ತುಂಬಬಾರದು. "ಕ್ಲಾಸಿನ್ಯಾಗ ಏನೂ ತಿಳಿಯಂಗಿಲ್ಲಪ್ಪ. ಕೇಳಿದ್ರ ನಗತಾರ" ಎಂದು ಅವನು ಹೇಳಿದಾಗ, "ಅಷ್ಟು ಮಂದಿ ಮುಂದ ಒಬ್ಬನ ಆದಂಗ ಆಗತೈತೇನು" ಎಂದು ಅವನ ಮಾತಿನ ಹಿಂದಿನ ಭಾವವನ್ನು ಮುಟ್ಟಿದರೆ, ಅವನಿಗೆ ತನ್ನನ್ನು ಒಬ್ಬರು ಅರಿತರೆಂಬ ನೆಮ್ಮದಿ ದೊರಕುತ್ತದೆ. ಮುಂದೇನು ಮಾಡಬೇಕೆಂಬುದನ್ನು ಆ ಬಳಿಕ ಇಬ್ಬರೂ ಕೂಡಿ ಯೋಚಿಸಬಹುದು. ಕಾಲೇಜು ಬಿಡುವ ಮಾತಿಗೆ ಅಪ್ಪ ಒಪ್ಪಬೇಕಾಗಿಲ್ಲ. ಅವನು ಒಪ್ಪಿದ್ದು ಮಗನ ನೋವನ್ನು ಮಾತ್ರ.

ಶರಣಮಾರ್ಗ ಮತ್ತು ರೋಜರ್ಸ್

ರೋಜರ್ಸ್ ಹೇಳಿದುದೆಲ್ಲವೂ ನಮ್ಮ ವಚನಗಳಲ್ಲಿ ಮೊದಲೇ ಇತ್ತೆಂದು ಹೇಳಿ ತೃಪ್ತರಾಗುವುದು ಸುಲಭ. ಆದರೆ ಅದು ಇಬ್ಬರಿಗೂ ಸಲ್ಲಿಸುವ ನ್ಯಾಯವಾಗದು. ರೋಜರ್ಸ್ ಅವರ ಚಿಂತನೆಯ ಕೇಂದ್ರ ಮನುಷ್ಯ. ಅವನ ಸಹಜ ವಿಕಾಸವೇ ಅವರ ಗುರಿ. ಶರಣರ ದಾರಿಯು ಮನುಷ್ಯನನ್ನು ಗೌರವಿಸುತ್ತಲೇ ಲಿಂಗಾಂಗ ಸಾಮರಸ್ಯದ ಕಡೆಗೆ ಸಾಗುತ್ತದೆ. ರೋಜರ್ಸ್ ಹೇಳುವ ವಿಕಾಸವನ್ನು ನಮ್ಮ ಐಕ್ಯಸ್ಥಲದೊಡನೆ ಸಮೀಕರಿಸಲಾಗದು. ರೋಜರ್ಸ್ ತನ್ನತನವನ್ನು ಕಂಡುಕೊಳ್ಳೆಂದರೆ, ಶರಣರು ತಾನೆಂಬ ಅಹಂಕಾರವನ್ನು ಅಳಿಯೆನ್ನುತ್ತಾರೆ.

ಆದರೂ ಮನುಷ್ಯರು ಮನುಷ್ಯರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬಲ್ಲಿ ಎರಡೂ ದಾರಿಗಳು ಕೂಡುತ್ತವೆ. ಇಷ್ಟಲಿಂಗವನ್ನು ಅಂಗೈಯಲ್ಲಿ ಧರಿಸಿದ ಪ್ರತಿಯೊಬ್ಬರೂ ಪೂಜ್ಯತೆಯ ನೆಲೆ ಎಂಬುದು ನಮ್ಮ ನಂಬಿಕೆ. ದಾರಿಯಲ್ಲಿ ಎದುರಾದವರಿಗೆ ಶರಣು ಎನ್ನುತ್ತೇವೆ, ಶರಣಾರ್ಥಿ ಎಂಬ ಮರುನುಡಿ ಬರುತ್ತದೆ. ಆ ನಮಸ್ಕಾರದಲ್ಲಿ ಅಂಕಪಟ್ಟಿಯನ್ನು ಯಾರೂ ಕೇಳುವುದಿಲ್ಲ, ಹೊಲದ ಎಕರೆಗಳನ್ನು ಎಣಿಸುವುದಿಲ್ಲ. ಬೀದಿಯಲ್ಲಿ ಅಪರಿಚಿತನಿಗೆ ಸಲ್ಲಿಸುವ ಈ ಗೌರವವು ಮನೆಯೊಳಗೆ ಮಗನಿಗೆ, ಮಗಳಿಗೆ, ಸೊಸೆಗೆ ಸಲ್ಲದೆ ಹೋದರೆ ನಮ್ಮ ನುಡಿಗೂ ನಡೆಗೂ ಎಲ್ಲಿಯ ಸಂಬಂಧ?

ಮಿತಿಗಳನ್ನೂ ಅರಿಯೋಣ

ಪ್ರೀತಿಯಿಂದ ಕೇಳಿಸಿಕೊಂಡರೆ ಎಲ್ಲ ಮನೋರೋಗಗಳೂ ಗುಣವಾಗುತ್ತವೆಂದು ಯಾರೂ ತಿಳಿಯಬಾರದು. ವಿಸ್ಕಾನ್ಸಿನ್‌ನಲ್ಲಿ ರೋಜರ್ಸ್ ತಮ್ಮ ವಿಧಾನವನ್ನು ಸ್ಕಿಜೋಫ್ರೇನಿಯಾ ಎಂಬ ತೀವ್ರ ಕಾಯಿಲೆಯವರಲ್ಲಿ ಪ್ರಯೋಗಿಸಿದಾಗ, 1967ರಲ್ಲಿ ಪ್ರಕಟವಾದ ಫಲಿತಾಂಶಗಳು ನಿರೀಕ್ಷೆಯಷ್ಟು ಆಶಾದಾಯಕವಾಗಿರಲಿಲ್ಲ. ಅವರು ಹೇಳಿದ ಗುಣಗಳು ಸಮಾಲೋಚನೆಗೆ ನೆರವಾಗುತ್ತವೆಂಬುದನ್ನು ಮುಂದಿನ ಸಂಶೋಧಕರು ಒಪ್ಪಿದರು; ಎಲ್ಲ ತೊಂದರೆಗಳಿಗೂ ಅವಷ್ಟೇ ಸಾಕೆಂಬುದನ್ನು ಒಪ್ಪಲಿಲ್ಲ. ನಿದ್ರೆ ಮತ್ತು ಊಟ ವಾರಗಟ್ಟಲೆ ಕೆಟ್ಟಿದ್ದರೆ, ಇಲ್ಲದ ಧ್ವನಿಗಳು ಕೇಳುತ್ತಿದ್ದರೆ, ಬದುಕುವುದೇ ಬೇಡವೆಂಬ ಮಾತು ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಗಾಳಿ, ಮಾಟ, ಶನಿಕಾಟ ಎಂದು ದಿನಗಳನ್ನು ಕಳೆಯಬಾರದು. ಮಾತ್ರೆಯನ್ನು ತೆಗೆದುಕೊಳ್ಳುವುದರಲ್ಲಿ ಮನೆತನಕ್ಕೆ ಯಾವ ಅಪಮಾನವೂ ಇಲ್ಲ.

ಈ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಹೆಮ್ಮೆಯ ಇತಿಹಾಸವಿದೆ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ನೀಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಪ್ರಯೋಗ ನಡೆಸಿ ತೋರಿಸಿದುದು ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯನ್ನೇ ಆಧರಿಸಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1996ರಲ್ಲಿ ದೇಶದಲ್ಲಿ ಆರಂಭವಾಯಿತು. ಮನಸ್ಸಿನ ವಿಚಾರವನ್ನು ಕನ್ನಡದಲ್ಲಿಯೇ ತಿಳಿಹೇಳುವ ಪರಂಪರೆಯೂ ನಮ್ಮಲ್ಲಿದೆ. ಡಾ. ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರಕಿತು, ಡಾ. ಸಿ. ಆರ್. ಚಂದ್ರಶೇಖರ್ ಅವರು ಸರಳ ಕನ್ನಡದಲ್ಲಿ ಈ ವಿಷಯದ ಮೇಲೆ ಹಲವಾರು ಪುಸ್ತಕಗಳನ್ನು ಬರೆದಿದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಮಾಲೋಚನೆ ದೊರೆಯುತ್ತದೆ. ಈ ಸಂಖ್ಯೆಯನ್ನು ಮನೆಯ ಪಂಚಾಂಗದ ಮೇಲೆ ಬರೆದಿಡುವುದು ಒಳಿತು.

ಮನೆಯಲ್ಲಿ ಮಾಡಬಹುದಾದುದು

ಇಷ್ಟನ್ನು ಓದಿದ ಬಳಿಕ ನಾವು ಆರಂಭಿಸಬಹುದಾದ ಕೆಲಸಗಳು ದೊಡ್ಡವೇನಲ್ಲ. ರಾತ್ರಿಯ ಪ್ರಸಾದದ ವೇಳೆ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿಟ್ಟು ಮನೆಮಂದಿ ಒಟ್ಟಿಗೆ ಕುಳಿತುಕೊಳ್ಳೋಣ. ಕಿರಿಯರು ಮಾತಾಡುವಾಗ ಅವರ ಮಾತು ಮುಗಿಯುವವರೆಗೆ ಬಾಯಿ ಹಾಕದಿರೋಣ. ಬುದ್ಧಿ ಹೇಳುವ ಮುನ್ನ, ಅವರು ಹೇಳಿದುದನ್ನು ನಾವು ತಿಳಿದುಕೊಂಡೆವೇ ಎಂದು ಅವರನ್ನೇ ಒಮ್ಮೆ ಕೇಳೋಣ. ಒಬ್ಬ ಮಗುವನ್ನು ಇನ್ನೊಂದು ಮಗುವಿನೊಡನೆ ಹೋಲಿಸುವುದನ್ನು ಬಿಡೋಣ. ನಮಗೆ ಸಿಟ್ಟು ಬಂದಿದ್ದರೆ ಸಿಟ್ಟು ಬಂದಿದೆಯೆಂದೇ ಹೇಳೋಣ. ವಾರಗಟ್ಟಲೆ ಮುಖ ತಿರುಗಿಸಿಕೊಂಡು ಮಗುವನ್ನು ಊಹೆಗೆ ಬಿಡುವುದು ಬೇಡ. ಸೊಸೆಗೆ ಒಂದು ಭಿನ್ನಾಭಿಪ್ರಾಯವಿದ್ದರೆ ಅದನ್ನು ಹೇಳುವ ಧೈರ್ಯವನ್ನು ಅತ್ತೆಮಾವಂದಿರೇ ಕೊಡಬೇಕು. ಲಕ್ಕಮ್ಮನವರ ವಚನಗಳನ್ನು ಗೌರವದಿಂದ ಹಾಡುವ ಮನೆಯಲ್ಲಿ ಸೊಸೆಯ ಮಾತು ಅಧಿಕಪ್ರಸಂಗವಾಗಬಾರದು.

ಊರಿನ ಮಠಗಳಲ್ಲಿ, ಬಸವ ಕೇಂದ್ರಗಳಲ್ಲಿ ನಡೆಯುವ ಶಿವಾನುಭವ ಗೋಷ್ಠಿಗಳಲ್ಲಿಯೂ ಇದಕ್ಕೆ ಎಡೆಯಿದೆ. ವರ್ಷದಲ್ಲಿ ಒಂದೆರಡು ಗೋಷ್ಠಿಗಳನ್ನು ಉಪನ್ಯಾಸವಿಲ್ಲದೆ ನಡೆಸಿ, ವಿದ್ಯಾರ್ಥಿಗಳು ಮತ್ತು ರೈತರು ತಮ್ಮ ಕಷ್ಟವನ್ನು ಹೇಳಿಕೊಳ್ಳಲು ಬಿಟ್ಟರೆ ಹಿರಿಯರು ಕೇಳುವುದನ್ನು ಕಲಿಯಬಹುದು. ಪರೀಕ್ಷೆಯ ಫಲಿತಾಂಶ ಬರುವ ಮುನ್ನವೇ ಇಂತಹ ಒಂದು ಗೋಷ್ಠಿ ನಡೆದರೆ ಇನ್ನೂ ಒಳ್ಳೆಯದು.

ಈ ವರ್ಷದ ಫಲಿತಾಂಶದ ದಿನ ನಿಮ್ಮ ಮಗನೋ ಮಗಳೋ ಬಾಗಿಲಲ್ಲಿ ನಿಂತಾಗ, ಅಂಕಗಳನ್ನು ಕೇಳುವ ಮೊದಲು, ಊಟವಾಯಿತೇ ಎಂದು ಕೇಳಿರಿ. ಮನೆಯೊಳಕ್ಕೆ ಬರಲು ಯಾವ ಷರತ್ತೂ ಇಲ್ಲವೆಂಬುದು ಆ ಒಂದು ಮಾತಿನಿಂದಲೇ ಮಗುವಿಗೆ ತಿಳಿಯುತ್ತದೆ.